ಶಿಫಾರಸಿಗೇ ಹಾರ ಹಾಕಬೇಡಿ: ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ನೇಮಕವನ್ನು ಹಿಂಬಾಲಿಸುವ ಕ್ರಮ

ನೇಮಕಕ್ಕೆ ಹೆಸರು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಗುಂಪಾದ ಕೊಲಿಜಿಯಂ ಒಬ್ಬರ ಹೆಸರು ಹೇಳಿದ ಸಂಜೆಯೇ ವಾಟ್ಸ್‌ಆಪ್ ಗುಂಪುಗಳಲ್ಲಿ ‘ಸುಪ್ರೀಂ ಕೋರ್ಟಿಗೆ ನೇಮಕ, ಹಾರ್ದಿಕ ಅಭಿನಂದನೆಗಳು’ ಎಂಬ ಬ್ಯಾನರ್ ಓಡಾಡತೊಡಗುತ್ತದೆ. ಸನ್ಮಾನ ಯಾವ ಸಭಾಭವನದಲ್ಲಿ ಎಂಬ ಚರ್ಚೆಯೂ ಶುರುವಾಗುತ್ತದೆ. ಆದರೆ ಆ ಹೊತ್ತಿಗೆ ನೇಮಕ ಆಗಿರುವುದಿಲ್ಲ. ಶಿಫಾರಸು ಆಗಿರುತ್ತದೆ, ಅಷ್ಟೆ. ಟೆಂಡರಿನಲ್ಲಿ ಒಳ್ಳೆಯ ದರ ಬಂದ ಮಾತ್ರಕ್ಕೆ ಅಡಿಕೆಯ ದುಡ್ಡು ಖಾತೆಗೆ ಬಿದ್ದಂತಲ್ಲ ಎಂದು ಶಿರಸಿ ಪೇಟೆ ಕಂಡವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲೂ ನಡುವೆ ನಾಲ್ಕಾರು ಮೇಜುಗಳಿವೆ, ಕೆಲವು ಹೆಸರುಗಳು ಆ ಮೇಜುಗಳಲ್ಲೇ ಉಳಿದುಹೋಗಿವೆ.

ಕಡತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪ್ರತಿ ಹಂತದಲ್ಲಿ ಹೊರಬರುವ ಕಾಗದ ಯಾವುದು, ಅದರಲ್ಲಿ ಏನು ನೋಡಬೇಕು, ಎಲ್ಲಿ ಕೆಡುತ್ತದೆ ಎಂಬುದು ಗೊತ್ತಿದ್ದರೆ ಕಾರವಾರದಲ್ಲಿ ಕುಳಿತೇ ಇದನ್ನು ಹಿಂಬಾಲಿಸಬಹುದು. ಸುದ್ದಿ ಬರೆಯುವವರಿಗೆ, ಕಾನೂನು ಓದುವವರಿಗೆ, ದೆಹಲಿಯಲ್ಲಿ ಮೇಲ್ಮನವಿ ಇಟ್ಟುಕೊಂಡವರಿಗೆ ಇದು ಬೇಕಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ದೂರದ ಸಂಗತಿಯೂ ಅಲ್ಲ. ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಿ ಎಂಬ 2019ರ ಫೆಬ್ರವರಿ 13ರ ಆದೇಶ, ಅದೇ ತಿಂಗಳ 28ರಂದು ಅದಕ್ಕೆ ಸಿಕ್ಕ ತಡೆ, ಎರಡೂ ಸುಪ್ರೀಂ ಕೋರ್ಟಿನಿಂದಲೇ ಬಂದವು. ನಡುವಿನ ಆ ಹದಿನೈದು ದಿನ ನೆನಪಿರುವವರು ಘಟ್ಟದ ಮೇಲೂ ಕೆಳಗೂ ಬಹಳ ಮಂದಿ ಇದ್ದಾರೆ.

ಅರ್ಜಿ ಇಲ್ಲ, ಅರ್ಹತೆ ಇದೆ

ಈ ಹುದ್ದೆಗೆ ಯಾರೂ ಅರ್ಜಿ ಹಾಕುವುದಿಲ್ಲ. ಪರೀಕ್ಷೆಯೂ ಇಲ್ಲ. ಸಂವಿಧಾನದ 124ನೇ ವಿಧಿ ಮೂರು ಬಾಗಿಲು ತೋರಿಸುತ್ತದೆ. ಭಾರತದ ಪ್ರಜೆಯಾಗಿದ್ದು, ಹೈಕೋರ್ಟ್ ನ್ಯಾಯಮೂರ್ತಿಯಾಗಿ ಕನಿಷ್ಠ 5 ವರ್ಷ ಕೆಲಸ ಮಾಡಿರಬೇಕು. ಇಲ್ಲವೇ ಹೈಕೋರ್ಟಿನ ವಕೀಲರಾಗಿ ಕನಿಷ್ಠ 10 ವರ್ಷ ಆಗಿರಬೇಕು. ಅದೂ ಇಲ್ಲದಿದ್ದರೆ ರಾಷ್ಟ್ರಪತಿಗಳ ಅಭಿಪ್ರಾಯದಲ್ಲಿ ಗಣ್ಯ ಕಾನೂನು ಪಂಡಿತರಾಗಿರಬೇಕು. ಮೂರನೆಯ ಬಾಗಿಲನ್ನು ಈವರೆಗೆ ತೆರೆದೇ ಇಲ್ಲ. ಪ್ರಾಧ್ಯಾಪಕರೊಬ್ಬರ ಹೆಸರು ಪಟ್ಟಿಯಲ್ಲಿದೆ ಎಂಬ ಗಾಳಿಮಾತು ಕಿವಿಗೆ ಬಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯ ಬಾಗಿಲು, ಅಂದರೆ ವಕೀಲರ ಸಾಲಿನಿಂದ ನೇರ ಪ್ರವೇಶ, ಅಪರೂಪವಾದರೂ ಇದೆ. 1964ರಲ್ಲಿ ಎಸ್.ಎಂ. ಸಿಕ್ರಿ ಹೀಗೆ ಬಂದವರಲ್ಲಿ ಮೊದಲಿಗರು, ಮುಂದೆ ಮುಖ್ಯ ನ್ಯಾಯಮೂರ್ತಿಯೂ ಆದರು. ಬೇಲೆಕೇರಿ ಬಂದರಿನ ಅದಿರು ಪ್ರಕರಣದಿಂದಾಗಿ ನಮ್ಮ ಜಿಲ್ಲೆಗೆ ಲೋಕಾಯುಕ್ತರೆಂದೇ ಪರಿಚಿತರಾದ ಎನ್. ಸಂತೋಷ್ ಹೆಗ್ಡೆ 1999ರಲ್ಲಿ ಹೀಗೇ ನೇರವಾಗಿ ಹೋದವರು. 2018ರಲ್ಲಿ ಇಂದು ಮಲ್ಹೋತ್ರಾ ನೇರವಾಗಿ ಬಂದ ಮೊದಲ ಮಹಿಳೆ. ಉಳಿದಂತೆ ಬಹುಪಾಲು ಜನ ಮೊದಲ ಬಾಗಿಲಿನಿಂದಲೇ ಬರುತ್ತಾರೆ. ಹೆಚ್ಚಿನವರು ಬರುವಾಗ ಯಾವುದಾದರೂ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿರುತ್ತಾರೆ. ಅದು ಕಡ್ಡಾಯವೇನಲ್ಲ. ಮೂಡುಬಿದಿರೆ ಬಳಿಯ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ 2017ರಲ್ಲಿ, ಬಿ.ವಿ. ನಾಗರತ್ನ 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದವರು ಸೀದಾ ದೆಹಲಿಗೆ ಹೋದರು.

ನಿವೃತ್ತರಾದವರ ಹೆಸರು ಮುಗಿಯಿತು ಎಂದುಕೊಳ್ಳುವುದೂ ತಪ್ಪು. ವಿಧಿಯಲ್ಲಿರುವ ಮಾತು ‘ನ್ಯಾಯಮೂರ್ತಿಯಾಗಿದ್ದವರು’ ಎಂಬ ಅರ್ಥದ್ದು. ಕೇರಳ ಹೈಕೋರ್ಟಿನಿಂದ 1989ರ ಏಪ್ರಿಲ್‌ನಲ್ಲಿ ನಿವೃತ್ತರಾದ ಫಾತಿಮಾ ಬೀವಿ ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು.

ಖಾಲಿ ಕುರ್ಚಿ ಎಣಿಸಿ

ಹಿಂಬಾಲಿಸುವ ಕೆಲಸ ಇಲ್ಲಿಂದ ಶುರು. 1950ರಲ್ಲಿ ಮುಖ್ಯ ನ್ಯಾಯಮೂರ್ತಿ ಸೇರಿ 8 ಜನರಿಗಷ್ಟೇ ಅವಕಾಶವಿತ್ತು. ಸಂಸತ್ತು ಆಗಾಗ ಕಾಯ್ದೆ ತಿದ್ದಿ ಸಂಖ್ಯೆ ಏರಿಸುತ್ತ ಬಂದು, 2019ರ ತಿದ್ದುಪಡಿ ಅದನ್ನು 34ಕ್ಕೆ ಮುಟ್ಟಿಸಿತು. ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂಬ ಪಟ್ಟಿಯನ್ನು ಕೇಂದ್ರ ಕಾನೂನು ಸಚಿವಾಲಯದ ನ್ಯಾಯ ಇಲಾಖೆ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಎಣಿಸುವ ದಿನ ಆ ಪಟ್ಟಿಯನ್ನೇ ತೆರೆಯಿರಿ, ಹಳೆಯ ಪಠ್ಯಪುಸ್ತಕದ ಸಂಖ್ಯೆ ನಂಬಬೇಡಿ.

ಮುಂದೆ ಖಾಲಿಯಾಗುವ ಕುರ್ಚಿಯ ದಿನವನ್ನೂ ಹೇಳಬಹುದು, ಏಕೆಂದರೆ ಇಲ್ಲಿ ನಿವೃತ್ತಿಗೆ ಒಂದೇ ಲೆಕ್ಕ: 65 ತುಂಬುವ ಹುಟ್ಟುಹಬ್ಬದ ಹಿಂದಿನ ದಿನ. 1962ರ ಅಕ್ಟೋಬರ್ 30ರಂದು ಹುಟ್ಟಿದವರ ಕೊನೆಯ ದಿನ 2027ರ ಅಕ್ಟೋಬರ್ 29. ಹೈಕೋರ್ಟಿನಲ್ಲಿ ಇದೇ ಲೆಕ್ಕ 62ಕ್ಕೆ. ಈ ಮೂರು ವರ್ಷದ ಅಂತರ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಕೊಲಿಜಿಯಂ: ಐವರೋ ಆರು ಜನವೋ

ಸಂವಿಧಾನವನ್ನು ಎಷ್ಟು ಹುಡುಕಿದರೂ ಕೊಲಿಜಿಯಂ ಸಿಗುವುದಿಲ್ಲ. ಅಲ್ಲಿರುವುದು, ನ್ಯಾಯಮೂರ್ತಿಗಳೊಂದಿಗೆ ಸಮಾಲೋಚಿಸಿ ರಾಷ್ಟ್ರಪತಿಗಳು ನೇಮಿಸಬೇಕು ಎಂಬ ಮಾತು ಮಾತ್ರ. ಆ ಸಮಾಲೋಚನೆಯಲ್ಲಿ ಕೊನೆಯ ಮಾತು ಯಾರದು ಎಂಬುದರ ಮೇಲೆ ಮೂರು ದೊಡ್ಡ ಪ್ರಕರಣಗಳು ನಡೆದವು. 1981ರ ಎಸ್.ಪಿ. ಗುಪ್ತಾ ತೀರ್ಪು ಸರ್ಕಾರದ ಕೈ ಮೇಲಿಟ್ಟಿತು. 1993ರ ಅಕ್ಟೋಬರ್ 6ರಂದು 9 ನ್ಯಾಯಮೂರ್ತಿಗಳ ಪೀಠ ಅದನ್ನು ಮಗುಚಿ, ಮುಖ್ಯ ನ್ಯಾಯಮೂರ್ತಿಯವರ ಅಭಿಪ್ರಾಯಕ್ಕೆ ಪ್ರಾಧಾನ್ಯ ಕೊಟ್ಟಿತು. 1998ರ ಅಕ್ಟೋಬರ್ 28ರಂದು ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುತ್ತ ಕೋರ್ಟು ಈಗಿನ ಆಕಾರ ಕೊಟ್ಟಿತು: ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ನಾಲ್ವರು ಅತಿ ಹಿರಿಯರು. ಇದಕ್ಕೆ ಬದಲಾಗಿ ಸಂಸತ್ತು ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ 2015ರ ಏಪ್ರಿಲ್ 13ರಂದು ಜಾರಿಗೆ ಬಂದು, ಅಕ್ಟೋಬರ್ 16ರಂದು 4-1ರ ತೀರ್ಪಿನಲ್ಲಿ ಬಿದ್ದುಹೋಯಿತು. ಈಗ ನಡೆಯುತ್ತಿರುವುದು ಆ ತೀರ್ಪುಗಳು ಮತ್ತು ಅವುಗಳ ಆಧಾರದಲ್ಲಿ ಬರೆದ ಕಾರ್ಯವಿಧಾನ ಪತ್ರದ ಮೇಲೆ. ದೆಹಲಿಯವರು ಅದನ್ನು ‘ಎಂಒಪಿ’ ಎನ್ನುತ್ತಾರೆ.

ಕೊಲಿಜಿಯಂನಲ್ಲಿ ಇಂದು ಯಾರಿದ್ದಾರೆ ಎಂದು ತಿಳಿಯಲು ಸುಪ್ರೀಂ ಕೋರ್ಟ್ ಜಾಲತಾಣದ ನ್ಯಾಯಮೂರ್ತಿಗಳ ಪಟ್ಟಿಯನ್ನು ಮೇಲಿನಿಂದ ಐದು ಹೆಸರು ಓದಿದರೆ ಸಾಕು, ಏಕೆಂದರೆ ಅದು ಹಿರಿತನದ ಕ್ರಮದಲ್ಲೇ ಇರುತ್ತದೆ. ಒಂದು ವಿನಾಯಿತಿ ಇದೆ. ಮುಂದಿನ ಮುಖ್ಯ ನ್ಯಾಯಮೂರ್ತಿ ಆಗಬೇಕಾದವರು ಆ ಐವರಲ್ಲಿ ಇಲ್ಲದಿದ್ದರೆ ಅವರನ್ನೂ ಸೇರಿಸಿಕೊಳ್ಳಬೇಕು. 2022ರ ಡಿಸೆಂಬರಿನಲ್ಲಿ ಕೊಲಿಜಿಯಂ ಆರು ಜನರದ್ದಾಗಿತ್ತು: ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್, ಕೌಲ್, ನಜೀರ್, ಕೆ.ಎಂ. ಜೋಸೆಫ್, ಎಂ.ಆರ್. ಶಾ, ಜೊತೆಗೆ ಮುಂದಿನ ಸರದಿಯ ಸಂಜೀವ್ ಖನ್ನಾ. ‘ಐವರ ಕೊಲಿಜಿಯಂ’ ಎಂದು ಕಣ್ಣುಮುಚ್ಚಿ ಬರೆದವರು ಆಗ ಎಡವಿದರು. ಹೈಕೋರ್ಟ್ ನೇಮಕಕ್ಕಾದರೆ ಸುಪ್ರೀಂ ಕೋರ್ಟಿನಲ್ಲಿ ಕೂರುವುದು ಮೂವರೇ.

ಒಳಗಿನ ನಿಯಮಗಳಲ್ಲಿ ಮೂರು ಮುಖ್ಯ. ಅಭಿಪ್ರಾಯಗಳು ಬರಹದಲ್ಲಿರಬೇಕು, ಕಡತದ ಜೊತೆ ಸರ್ಕಾರಕ್ಕೆ ಹೋಗಬೇಕು. ಹೆಸರಿಸಲಾದವರು ಯಾವ ಹೈಕೋರ್ಟಿನಿಂದ ಬಂದವರೋ ಅದೇ ಹೈಕೋರ್ಟಿನ ಮೂಲದಿಂದ ಬಂದು ಸುಪ್ರೀಂ ಕೋರ್ಟಿನಲ್ಲಿ ಕೂತಿರುವ ಅತಿ ಹಿರಿಯ ನ್ಯಾಯಮೂರ್ತಿಯ ಅಭಿಪ್ರಾಯ ಕೇಳಬೇಕು. ಅವರು ಕೊಲಿಜಿಯಂ ಸದಸ್ಯರಲ್ಲದಿದ್ದರೂ ಸರಿ. ಕೊಲಿಜಿಯಂನಲ್ಲಿ ಇಬ್ಬರು ಒಪ್ಪದಿದ್ದರೆ ಮುಖ್ಯ ನ್ಯಾಯಮೂರ್ತಿ ಆ ಹೆಸರಿಗೆ ಪಟ್ಟು ಹಿಡಿಯಬಾರದೆಂದು 1998ರ ಅಭಿಪ್ರಾಯ ಹೇಳುತ್ತದೆ.

ಕಡತ ಇಲ್ಲೇ ಕೆಡುವುದುಂಟು. 2022ರ ಸೆಪ್ಟೆಂಬರ್ 30ರಂದು ನಡೆಯಬೇಕಿದ್ದ ಸಭೆ, ಸದಸ್ಯರೊಬ್ಬರು ರಾತ್ರಿ 9 ದಾಟುವವರೆಗೂ ಕಲಾಪದಲ್ಲಿದ್ದುದರಿಂದ ನಡೆಯಲಿಲ್ಲ. ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಪತ್ರದ ಮೂಲಕವೇ ಒಪ್ಪಿಗೆ ಕೇಳಿದರು. ಹೀಗೆ ಸುತ್ತೋಲೆಯಲ್ಲಿ ಆರಿಸುವುದು ಬೇಡ ಎಂದು ಇಬ್ಬರು ಆಕ್ಷೇಪಿಸಿದರು. ಅಷ್ಟರಲ್ಲಿ ಅಕ್ಟೋಬರ್ 7ರಂದು ಕಾನೂನು ಸಚಿವರು ಮುಂದಿನ ಮುಖ್ಯ ನ್ಯಾಯಮೂರ್ತಿಯ ಹೆಸರು ಕೇಳಿ ಪತ್ರ ಬರೆದರು, ವಿಷಯವನ್ನು ಅಲ್ಲಿಗೇ ಮುಚ್ಚಲಾಯಿತು. ಮುಖ್ಯ ನ್ಯಾಯಮೂರ್ತಿಯ ಅವಧಿಯ ಕೊನೆಯ ತಿಂಗಳಲ್ಲಿ ಹೊಸ ಹೆಸರು ಹೊರಡುವ ಸಂಭವ ಕಡಿಮೆ ಎಂಬುದನ್ನು ಇದರಿಂದ ಗುರುತು ಹಾಕಿಕೊಳ್ಳಿ. ಒಮ್ಮತ ಬಾರದೆ ಪೂರ್ತಿ ಅವಧಿಯೇ ಕಳೆದುಹೋಗುವುದೂ ಇದೆ: 2019ರ ನವೆಂಬರಿನಿಂದ 2021ರ ಏಪ್ರಿಲ್‌ವರೆಗೆ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಎ. ಬೊಬ್ಡೆ ಅವರ ಕಾಲದಲ್ಲಿ ಸುಪ್ರೀಂ ಕೋರ್ಟಿಗೆ ಒಂದೂ ನೇಮಕ ಆಗಲಿಲ್ಲ.

ನಿರ್ಣಯದ ಕಾಗದ ಓದುವುದು

2017ರ ಅಕ್ಟೋಬರಿನಿಂದ ಕೊಲಿಜಿಯಂ ನಿರ್ಣಯಗಳು ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ಸಿಗುತ್ತಿವೆ. ಕೆಲವು ನಾಲ್ಕು ಪುಟ, ಕೆಲವು ನಾಲ್ಕು ಸಾಲು. ಪುಟಗಟ್ಟಲೆ ಬರೆದದ್ದು ಸಿಕ್ಕಿದರೆ ತಾಳ್ಮೆಯಿಂದ ಓದಿ.

2023ರ ಜನವರಿ 31ರ ನಿರ್ಣಯವನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಎರಡು ಹೆಸರು: ಆಗ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಾಜೇಶ್ ಬಿಂದಲ್, ಗುಜರಾತ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅರವಿಂದ ಕುಮಾರ್. ಅರವಿಂದ ಕುಮಾರ್ ಬಂದದ್ದು ಗುಜರಾತಿನಿಂದ, ಆದರೆ ಅವರ ಮೂಲ ಹೈಕೋರ್ಟ್, ಅಂದರೆ ಮೊದಲು ನ್ಯಾಯಮೂರ್ತಿಯಾಗಿ ಸೇರಿದ ಹೈಕೋರ್ಟ್, ಕರ್ನಾಟಕ. ಲೆಕ್ಕಕ್ಕೆ ಹಿಡಿಯುವುದು ಮೂಲವನ್ನು. ಇದನ್ನು ತಿರುವುಮುರುವು ಮಾಡುವ ತಪ್ಪು ನಮ್ಮ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತದೆ. ದಿನೇಶ್ ಮಾಹೇಶ್ವರಿ, ಎ.ಎಸ್. ಓಕಾ, ಪಿ.ಬಿ. ವರಾಳೆ ಮೂವರೂ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದು ಸುಪ್ರೀಂ ಕೋರ್ಟಿಗೆ ಹೋದವರು. ಮೊದಲಿನವರ ಮೂಲ ರಾಜಸ್ಥಾನ, ಉಳಿದಿಬ್ಬರದು ಬಾಂಬೆ. ಅವರು ಹೋದದ್ದರಿಂದ ಕರ್ನಾಟಕದ ಪ್ರಾತಿನಿಧ್ಯ ಹೆಚ್ಚಲಿಲ್ಲ.

ಆ ನಿರ್ಣಯದಲ್ಲಿ ಭಿನ್ನಮತವೂ ದಾಖಲಾಗಿದೆ. ಬಿಂದಲ್ ಹೆಸರಿಗೆ ಎಲ್ಲರ ಒಪ್ಪಿಗೆ; ಅರವಿಂದ ಕುಮಾರ್ ಹೆಸರನ್ನು ಮುಂದೆ ಪರಿಗಣಿಸಬಹುದು ಎಂದು ಕೆ.ಎಂ. ಜೋಸೆಫ್ ಹೇಳಿದರು. ಒಬ್ಬರದೇ ಆಕ್ಷೇಪವಾದ್ದರಿಂದ ಹೆಸರು ಸರ್ಕಾರಕ್ಕೆ ಹೋಯಿತು. ಮೂರನೆಯ ಅಂಶ ಇನ್ನೂ ಸೂಕ್ಷ್ಮ: ಡಿಸೆಂಬರ್ 13ರಂದು ಕಳಿಸಿದ್ದ ಐದು ಹೆಸರು ಸರ್ಕಾರದಲ್ಲಿ ಇನ್ನೂ ಬಾಕಿ ಇತ್ತು, ಆ ಐವರ ನೇಮಕ ಪ್ರತ್ಯೇಕವಾಗಿ ಮೊದಲು ಹೊರಬೀಳಬೇಕು ಎಂದು ನಿರ್ಣಯವೇ ತಾಕೀತು ಮಾಡಿತು. ಹಾಗೇಕೆ ಎಂಬುದು ಹಿರಿತನದ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ನಾಲ್ಕು ಸಾಲಿನ ನಿರ್ಣಯದಲ್ಲಿ ಇದಾವುದೂ ಇರುವುದಿಲ್ಲ. 2025ರ ಆಗಸ್ಟಿನಲ್ಲಿ ಒಂದು ಹೆಸರಿಗೆ ನ್ಯಾಯಮೂರ್ತಿ ನಾಗರತ್ನ ಒಪ್ಪಲಿಲ್ಲ ಎಂದು ಪತ್ರಿಕೆಗಳಲ್ಲಿ ಬಂತು. ಪ್ರಕಟವಾದ ಹೇಳಿಕೆಯಲ್ಲಿ ಹೆಸರುಗಳಷ್ಟೇ ಇದ್ದವು. ಕಾರಣ ಬರೆಯದ ನಿರ್ಣಯ ಓದುಗನಿಗೂ ಉಪಯೋಗವಿಲ್ಲ, ಆಯ್ಕೆಯಾದವರಿಗೂ ನ್ಯಾಯವಲ್ಲ.

ಸರ್ಕಾರದ ಮೇಜು

ಕೊಲಿಜಿಯಂ ಕಡತ ಕೇಂದ್ರ ಕಾನೂನು ಸಚಿವರಿಗೆ ಹೋಗುತ್ತದೆ, ಅಲ್ಲಿಂದ ಪ್ರಧಾನಿಗೆ, ಪ್ರಧಾನಿಯ ಸಲಹೆಯೊಂದಿಗೆ ರಾಷ್ಟ್ರಪತಿಗಳಿಗೆ. ರಾಜ್ಯ ಸರ್ಕಾರಕ್ಕೆ ಇಲ್ಲಿ ಪಾತ್ರವಿಲ್ಲ. ಮುಖ್ಯಮಂತ್ರಿ, ರಾಜ್ಯಪಾಲರ ಅಭಿಪ್ರಾಯ ಬೇಕಾಗುವುದು ಹೈಕೋರ್ಟ್ ನೇಮಕಕ್ಕೆ. ಹಾಗಾಗಿ ‘ನಮ್ಮ ಭಾಗದವರನ್ನು ಸುಪ್ರೀಂ ಕೋರ್ಟಿಗೆ ಕಳಿಸಿ’ ಎಂದು ಬೆಂಗಳೂರಿಗೆ ಮನವಿ ಕೊಟ್ಟರೆ ಫೋಟೊ ಬರುತ್ತದೆ, ಕಡತ ಮುಟ್ಟುವುದಿಲ್ಲ.

ಇಲ್ಲಿ ನಾಲ್ಕರಲ್ಲಿ ಒಂದು ನಡೆಯುತ್ತದೆ. ಎಲ್ಲ ಹೆಸರಿಗೂ ಒಪ್ಪಿಗೆ ಸಿಗಬಹುದು. ಕೆಲವನ್ನು ಒಪ್ಪಿ ಕೆಲವನ್ನು ಬೇರ್ಪಡಿಸಬಹುದು. ಕಾರಣ ಬರೆದು ವಾಪಸು ಕಳಿಸಬಹುದು. ಇಲ್ಲವೇ ಏನೂ ಮಾಡದೆ ಸುಮ್ಮನಿರಬಹುದು. ವಾಪಸು ಬಂದ ಹೆಸರನ್ನು ಕೊಲಿಜಿಯಂ ಮತ್ತೆ ಕಳಿಸಿದರೆ ನೇಮಿಸಬೇಕು ಎಂಬುದು ತೀರ್ಪುಗಳಿಂದ ಬಂದ ಕಟ್ಟಳೆ. ಆದರೆ ಇಂತಿಷ್ಟು ದಿನದೊಳಗೆ ಎಂಬ ಗಡುವು ಸುಪ್ರೀಂ ಕೋರ್ಟ್ ನೇಮಕಕ್ಕೆ ಕಾರ್ಯವಿಧಾನ ಪತ್ರದಲ್ಲಿ ಇಲ್ಲ. 2021ರ ಏಪ್ರಿಲ್ 20ರ ಆದೇಶದಲ್ಲಿ ಕೋರ್ಟು ಹಾಕಿದ ಗಡುವುಗಳು ಹೈಕೋರ್ಟ್ ನೇಮಕದವು: ಗುಪ್ತಚರ ದಳದ ವರದಿಗೆ 4ರಿಂದ 6 ವಾರ, ಅದು ಮತ್ತು ರಾಜ್ಯದ ಅಭಿಪ್ರಾಯ ಬಂದ ಮೇಲೆ ಕಡತ ಕೊಲಿಜಿಯಂಗೆ ಕಳಿಸಲು 8ರಿಂದ 12 ವಾರ, ಒಮ್ಮತದಿಂದ ಮರುಶಿಫಾರಸಾದ ಹೆಸರಿಗೆ 3ರಿಂದ 4 ವಾರ. ಎರಡನ್ನೂ ಕಲಸಬೇಡಿ.

ವೇಗ ಎಷ್ಟು ಬದಲಾಗುತ್ತದೆ ನೋಡಿ. 2021ರ ಆಗಸ್ಟ್ 17ರಂದು ಒಂಬತ್ತು ಹೆಸರು ಹೋದವು, 26ಕ್ಕೆ ನೇಮಕವಾಯಿತು, 31ಕ್ಕೆ ಪ್ರಮಾಣವಚನ. ಮೇಲೆ ಹೇಳಿದ ಡಿಸೆಂಬರ್ 13ರ ಐದು ಹೆಸರಿಗೆ 2023ರ ಫೆಬ್ರವರಿ 4ರವರೆಗೆ ಕಾಯಬೇಕಾಯಿತು. ಕೆ.ಎಂ. ಜೋಸೆಫ್ ಹೆಸರು 2018ರ ಜನವರಿ 10ರಂದು ಇಂದು ಮಲ್ಹೋತ್ರಾ ಹೆಸರಿನ ಜೊತೆಯಲ್ಲೇ ಹೋಗಿತ್ತು. ಸರ್ಕಾರ ಅವರನ್ನು ಬೇರ್ಪಡಿಸಿ, ಮಲ್ಹೋತ್ರಾ ಅವರನ್ನು ನೇಮಿಸಿ, ಏಪ್ರಿಲ್ ಕೊನೆಗೆ ಜೋಸೆಫ್ ಹೆಸರನ್ನು ವಾಪಸು ಕಳಿಸಿತು. ಜುಲೈನಲ್ಲಿ ಮರುಶಿಫಾರಸು, ಆಗಸ್ಟ್ 7ಕ್ಕೆ ಪ್ರಮಾಣ. 2014ರಲ್ಲಿ ನಾಲ್ಕು ಹೆಸರು ಹೋಗಿ ಮೂರು ನೇಮಕವಾದವು. ಬೇರ್ಪಟ್ಟ ಹಿರಿಯ ವಕೀಲ ಗೋಪಾಲ ಸುಬ್ರಮಣಿಯಂ ಬೇಸತ್ತು ತಾವೇ ಒಪ್ಪಿಗೆ ಹಿಂತೆಗೆದುಕೊಂಡರು. ಶಿಫಾರಸಿಗೇ ಹಾರ ಹಾಕಬೇಡಿ ಎನ್ನುವುದು ಇದಕ್ಕೇ.

ಅಧಿಸೂಚನೆ, ಪ್ರಮಾಣ

ಆಯ್ಕೆಗೆ ಒಪ್ಪಿಗೆ ಸಿಕ್ಕಿದ ಮೇಲೆ ನ್ಯಾಯ ಇಲಾಖೆಯ ಕಾರ್ಯದರ್ಶಿ ಮುಖ್ಯ ನ್ಯಾಯಮೂರ್ತಿಗೆ ತಿಳಿಸುತ್ತಾರೆ, ಆಯ್ಕೆಯಾದವರಿಂದ ದೈಹಿಕ ಅರ್ಹತಾ ಪ್ರಮಾಣಪತ್ರ ತರಿಸಿಕೊಳ್ಳುತ್ತಾರೆ. ಅದಕ್ಕೆ ಸಿವಿಲ್ ಸರ್ಜನ್ ಅಥವಾ ಜಿಲ್ಲಾ ವೈದ್ಯಾಧಿಕಾರಿಯ ಸಹಿ ಬೇಕು. ಹೈಕೋರ್ಟಿನಲ್ಲಿ ಹದಿನೈದು ವರ್ಷ ಕೂತವರಿಗೂ ರಿಯಾಯಿತಿ ಇಲ್ಲ.

ನಂತರ ರಾಷ್ಟ್ರಪತಿಗಳು ನೇಮಕಾತಿ ವಾರಂಟಿಗೆ ಸಹಿ ಹಾಕುತ್ತಾರೆ, ರಾಜಪತ್ರದಲ್ಲಿ ಅಧಿಸೂಚನೆ ಬರುತ್ತದೆ. ನೇಮಕ ಆಯಿತು ಎಂದು ಬರೆಯಬಹುದಾದ ಮೊದಲ ಕಾಗದ ಇದು. ಇದರಲ್ಲಿ ಮೂರನ್ನು ನೋಡಿ: 124ನೇ ವಿಧಿಯ 2ನೇ ಖಂಡದ ಉಲ್ಲೇಖ, ಹೆಸರುಗಳ ಕ್ರಮ, ಮತ್ತು ‘ಅಧಿಕಾರ ವಹಿಸಿಕೊಂಡ ದಿನದಿಂದ’ ಎಂಬ ಮಾತು. ಕೊನೆಯ ಮಾತಿನಿಂದಾಗಿ ಪ್ರಮಾಣವಚನದ ದಿನದವರೆಗೂ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಲ್ಲ. 217 ಅಥವಾ 224ನೇ ವಿಧಿ ಎಂದಿದ್ದರೆ ಅದು ಹೈಕೋರ್ಟಿನ ನೇಮಕ, ಸುಪ್ರೀಂ ಕೋರ್ಟಿನದಲ್ಲ. 222 ಎಂದಿದ್ದರೆ ವರ್ಗಾವಣೆ. ಶೀರ್ಷಿಕೆ ಕೊಡುವ ಮೊದಲು ವಿಧಿಯ ಸಂಖ್ಯೆಯ ಮೇಲೆ ಒಮ್ಮೆ ಬೆರಳಿಡುವುದು ಒಳ್ಳೆಯದು.

ಪ್ರಮಾಣವಚನವನ್ನು ಸಾಮಾನ್ಯವಾಗಿ ಮುಖ್ಯ ನ್ಯಾಯಮೂರ್ತಿ ಸುಪ್ರೀಂ ಕೋರ್ಟಿನಲ್ಲೇ ಬೋಧಿಸುತ್ತಾರೆ. ಮುಖ್ಯ ನ್ಯಾಯಮೂರ್ತಿಗೆ ಬೋಧಿಸುವುದು ರಾಷ್ಟ್ರಪತಿಗಳು, ರಾಷ್ಟ್ರಪತಿ ಭವನದಲ್ಲಿ.

ಹಿರಿತನ: ಒಂದೇ ದಿನ, ಬೇರೆ ಬೇರೆ ಭವಿಷ್ಯ

ಇಡೀ ವ್ಯವಸ್ಥೆಯಲ್ಲಿ ಅತಿ ದೊಡ್ಡ ಪರಿಣಾಮ ಮಾಡುವ ಸಣ್ಣ ಸಂಗತಿ ಇದು. ಯಾರು ಮೊದಲು ಪ್ರಮಾಣ ಸ್ವೀಕರಿಸಿದರೋ ಅವರು ಹಿರಿಯರು. ಒಂದೇ ದಿನವಾದರೆ ಹೆಸರು ಕರೆದ ಕ್ರಮ. ಜೋಸೆಫ್ ಸುಮಾರು ಏಳು ತಿಂಗಳು ಕಾದದ್ದಷ್ಟೇ ಅಲ್ಲ, ಬಹಳ ತಡವಾಗಿ ಶಿಫಾರಸಾಗಿದ್ದ ಇಂದಿರಾ ಬ್ಯಾನರ್ಜಿ, ವಿನೀತ್ ಸರನ್ ಇಬ್ಬರ ನಂತರ ಅವರನ್ನು ಕರೆಯಲಾಯಿತು. 2023ರಲ್ಲಿ ಐವರ ನೇಮಕ ಮೊದಲು ಆಗಲಿ ಎಂದು ಕೊಲಿಜಿಯಂ ಬರೆದದ್ದರ ಅರ್ಥ ಈಗ ಸ್ಪಷ್ಟವಾಗಿರಬೇಕು.

ಲೆಕ್ಕ ಹಾಕುವ ವಿಧಾನ: ನ್ಯಾಯಮೂರ್ತಿಗಳ ಪಟ್ಟಿಯನ್ನು ಹಿರಿತನದಂತೆ ಬರೆದುಕೊಳ್ಳಿ, ಪ್ರತಿ ಹೆಸರಿನ ಎದುರು ನಿವೃತ್ತಿಯ ದಿನ ಹಾಕಿ. ಈಗಿನ ಮುಖ್ಯ ನ್ಯಾಯಮೂರ್ತಿಯ ನಿವೃತ್ತಿಗಿಂತ ಮೊದಲೇ ಹೊರಡುವವರನ್ನು ಹೊಡೆದುಹಾಕಿ. ಉಳಿದವರಲ್ಲಿ ಮೇಲಿರುವವರೇ ಮುಂದಿನವರು. 2021ರ ಆಗಸ್ಟ್ 31ರ ಒಂಬತ್ತು ಜನರ ಮೇಲೆ ಇದನ್ನು ಪ್ರಯೋಗಿಸಿ ನೋಡಿ. 2025ರ ನವೆಂಬರ್ 24ರಂದು ಮುಖ್ಯ ನ್ಯಾಯಮೂರ್ತಿಯಾದ ಸೂರ್ಯಕಾಂತ್ ಅವರ ಕೊನೆಯ ದಿನ 2027ರ ಫೆಬ್ರವರಿ 9. ಆ ಒಂಬತ್ತರಲ್ಲಿ ಎರಡನೆಯವರಾಗಿ ಪ್ರಮಾಣ ಸ್ವೀಕರಿಸಿದ ವಿಕ್ರಮ್ ನಾಥ್ ಅವರದು 2027ರ ಸೆಪ್ಟೆಂಬರ್ 23. ಐದನೆಯವರಾದ ನಾಗರತ್ನ ಅವರದು ಅಕ್ಟೋಬರ್ 29. ಹಿರಿತನದ ರೂಢಿ ಹಾಗೇ ನಡೆದರೆ ಸೆಪ್ಟೆಂಬರ್ 24ರಿಂದ 36 ದಿನ ಅವರು ಮುಖ್ಯ ನ್ಯಾಯಮೂರ್ತಿ, ಆ ಕುರ್ಚಿಯಲ್ಲಿ ಮೊದಲ ಮಹಿಳೆ. ಅವರ ತಂದೆ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಅದೇ ಕುರ್ಚಿಯಲ್ಲಿದ್ದರು. ವಿಕ್ರಮ್ ನಾಥ್ ಅಂದು ನಾಗರತ್ನ ಅವರ ನಂತರ ಪ್ರಮಾಣ ಸ್ವೀಕರಿಸಿದ್ದರೆ ಈ ಲೆಕ್ಕವೇ ಬೇರೆ.

ರೂಢಿ ಎಂದದ್ದು ಬೇಕೆಂದೇ. ಅತಿ ಹಿರಿಯರೇ ಮುಖ್ಯ ನ್ಯಾಯಮೂರ್ತಿಯಾಗಬೇಕೆಂದು ಸಂವಿಧಾನ ಹೇಳುವುದಿಲ್ಲ. ಕಾನೂನು ಸಚಿವರು ಹೊರಡುವವರಿಂದ ಹೆಸರು ಕೇಳುತ್ತಾರೆ, ಅವರು ಹುದ್ದೆಗೆ ತಕ್ಕ ಅತಿ ಹಿರಿಯರನ್ನು ಹೆಸರಿಸುತ್ತಾರೆ, ಅಷ್ಟೆ. 1973ರ ಏಪ್ರಿಲ್ 24ರಂದು, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿ ಹಾಕಿದ ಕೇಶವಾನಂದ ಭಾರತಿ ತೀರ್ಪು ಬಂತು. ಮರುದಿನವೇ ಶೆಲತ್, ಕೆ.ಎಸ್. ಹೆಗ್ಡೆ, ಗ್ರೋವರ್ ಮೂವರನ್ನು ದಾಟಿ ಎ.ಎನ್. ರೇ ಹೆಸರು ಹೊರಬಿತ್ತು. ಮೂವರೂ ರಾಜೀನಾಮೆ ಕೊಟ್ಟರು. ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆ ಮುಂದೆ ಲೋಕಸಭೆಯ ಸ್ಪೀಕರ್ ಆದರು. 1977ರಲ್ಲಿ ಎಚ್.ಆರ್. ಖನ್ನಾ ಅವರನ್ನೂ ಹೀಗೇ ದಾಟಲಾಯಿತು.

ಶಿರಸಿ, ಕಾರವಾರದಿಂದ ಅಲ್ಲಿಗೆ

ಇಲ್ಲಿಂದ ಸುಪ್ರೀಂ ಕೋರ್ಟಿನ ಕುರ್ಚಿ ತಲುಪುವುದು ಹೇಗೆ? ಕಾನೂನು ಓದುವ ಮಕ್ಕಳು ಕೇಳುವ ಪ್ರಶ್ನೆ ಇದೇ. ಉತ್ತರ ವಯಸ್ಸಿನ ಲೆಕ್ಕದಲ್ಲಿದೆ. ನಜೀರ್ ಮತ್ತು ನೆರೆಯ ಹಾವೇರಿ ಜಿಲ್ಲೆಯ ಮೋಹನ ಶಾಂತನಗೌಡರ್ 2003ರ ಮೇ 12ರಂದು ಹೈಕೋರ್ಟ್ ಸೇರಿದರು, ನಾಗರತ್ನ 2008ರ ಫೆಬ್ರವರಿ 18ರಂದು. ಸೇರುವಾಗ ಮೂವರಿಗೂ 45. ಸುಪ್ರೀಂ ಕೋರ್ಟ್ ತಲುಪುವಾಗ 58-59. ಅಂದರೆ ಹೈಕೋರ್ಟಿನಲ್ಲಿ ಸುಮಾರು 13 ವರ್ಷ. 52ಕ್ಕೆ ಹೈಕೋರ್ಟ್ ಸೇರಿದವರಿಗೆ ಇಷ್ಟೇ ಕಾಯಬೇಕಾದರೆ 62ರ ನಿವೃತ್ತಿ ನಡುವೆ ಅಡ್ಡ ಬರುತ್ತದೆ. ಪ್ರತಿಭೆ ಎಷ್ಟೇ ಇರಲಿ, ಈ ಗಣಿತ ಬಹಳ ಜನರನ್ನು ಹೊರಗಿಟ್ಟಿದೆ.

ಜಿಲ್ಲೆಯ ಹಳೆಯ ದಾರಿ ಮುಂಬೈಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ ಮೇಲೆ ಕಾರವಾರದ ಕಡತಗಳು 1956ರವರೆಗೂ ಬಾಂಬೆ ಹೈಕೋರ್ಟಿಗೆ ಹೋದವು; ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಚಂದಾವರ್ಕರ್ ಆ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಈಗ ಜಿಲ್ಲೆ ಧಾರವಾಡ ಪೀಠದ ವ್ಯಾಪ್ತಿಯಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು ಅದು. ತಾಲ್ಲೂಕು ಕೋರ್ಟಿನಲ್ಲಿ ಎಷ್ಟೇ ಹೆಸರು ಮಾಡಿದ ವಕೀಲರಾದರೂ ಹೈಕೋರ್ಟ್ ಕೊಲಿಜಿಯಂನ ಕಣ್ಣಿಗೆ ಬೀಳುವುದು ಅಲ್ಲಿ ವಾದ ಮಾಡಿದಾಗ. ಅವರು ನೋಡುವುದು ಹೈಕೋರ್ಟಿನಲ್ಲಿ ನಡೆಸಿದ ಪ್ರಕರಣ, ಕಾನೂನು ವರದಿಗಳಲ್ಲಿ ಅಚ್ಚಾದ ತೀರ್ಪು, ವೃತ್ತಿಯ ಆದಾಯ, ನಡತೆಯ ಬಗ್ಗೆ ಗುಪ್ತಚರ ವರದಿ. ಆದ್ದರಿಂದ ಮೂವತ್ತರ ಸುಮಾರಿಗೇ ವಾರದಲ್ಲಿ ಒಂದೆರಡು ದಿನವಾದರೂ ಧಾರವಾಡದ ಮೇಲ್ಮನವಿಗಳನ್ನು ಕೈಗೆತ್ತಿಕೊಳ್ಳುವುದು ವ್ಯಾವಹಾರಿಕ ದಾರಿ. ಕೆಳಕೋರ್ಟಿನಲ್ಲಿ ಗೆದ್ದ ದಾವೆಯ ಮೇಲ್ಮನವಿಯನ್ನು ಬೇರೆ ವಕೀಲರಿಗೆ ಒಪ್ಪಿಸಿ ಬಿಡುವ ನಮ್ಮ ಕಡೆಯ ಅಭ್ಯಾಸ ಇಲ್ಲಿ ನಷ್ಟ ತರುತ್ತದೆ.

ನ್ಯಾಯಾಂಗ ಸೇವೆಯ ದಾರಿ ಇನ್ನೂ ಉದ್ದ. 2025ರ ಮೇ 20ರ ತೀರ್ಪಿನ ನಂತರ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 3 ವರ್ಷದ ವಕೀಲಿಕೆ ಬೇಕು. ಅಲ್ಲಿಂದ ಹಿರಿಯ ಸಿವಿಲ್ ನ್ಯಾಯಾಧೀಶ, ಜಿಲ್ಲಾ ನ್ಯಾಯಾಧೀಶ ಆಗುವ ಹೊತ್ತಿಗೆ ಕೂದಲು ಬೆಳ್ಳಗಾಗಿರುತ್ತದೆ. 1995ರಲ್ಲಿ ಅಹಮದಾಬಾದಿನ ವಿಚಾರಣಾ ನ್ಯಾಯಾಲಯದಿಂದ ಹೊರಟು 2021ರಲ್ಲಿ ಸುಪ್ರೀಂ ಕೋರ್ಟ್ ತಲುಪಿದ ಬೇಲಾ ತ್ರಿವೇದಿ ಶುರು ಮಾಡಿದ್ದೇ ನಗರ ಸಿವಿಲ್ ಮತ್ತು ಸೆಷನ್ಸ್ ನ್ಯಾಯಾಧೀಶರಾಗಿ. ಸೇವೆಯಿಂದ ಹೋಗಬೇಕೆನ್ನುವವರು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಯ ಮೇಲೆ ಕಣ್ಣಿಡುವುದು ಲೇಸು.

ತಕರಾರು ಮತ್ತು ಮಾಹಿತಿ ಹಕ್ಕು

ನೇಮಕವನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದೇ? ಅರ್ಹತೆಯ ಮೇಲೆ, ಅಂದರೆ ಸಂವಿಧಾನ ಹಾಕಿದ ಷರತ್ತು ಪೂರೈಸಿದ್ದಾರೆಯೇ ಎಂಬುದರ ಮೇಲೆ ಪ್ರಶ್ನಿಸಬಹುದು; ಹುದ್ದೆಗೆ ತಕ್ಕವರೇ ಎಂಬ ಯೋಗ್ಯತೆಯ ಮೇಲೆ ಆಗುವುದಿಲ್ಲ. 1992ರಲ್ಲಿ ಗುವಾಹಟಿ ಹೈಕೋರ್ಟಿಗೆ ಕೆ.ಎನ್. ಶ್ರೀವಾಸ್ತವ ಎಂಬವರ ವಾರಂಟಿಗೆ ರಾಷ್ಟ್ರಪತಿಗಳ ಸಹಿ ಬಿದ್ದಿತ್ತು. ಅವರು 217ನೇ ವಿಧಿ ಕೇಳುವ ನ್ಯಾಯಾಂಗ ಹುದ್ದೆಯಲ್ಲೇ ಇರಲಿಲ್ಲವೆಂದು ಕಂಡು, ಪ್ರಮಾಣಕ್ಕೆ ಮುನ್ನವೇ ಸುಪ್ರೀಂ ಕೋರ್ಟ್ ಆ ನೇಮಕ ರದ್ದು ಮಾಡಿತು. 2023ರ ಫೆಬ್ರವರಿ 7ರಂದು ಮದ್ರಾಸ್ ಹೈಕೋರ್ಟಿನ ನೇಮಕವೊಂದರ ವಿರುದ್ಧ ಬಂದ ಅರ್ಜಿ ಯೋಗ್ಯತೆಯ ಪ್ರಶ್ನೆಯಾದ್ದರಿಂದ ನಿಲ್ಲಲಿಲ್ಲ. ಆಕ್ಷೇಪವಿದ್ದರೆ ಕಡತ ಇನ್ನೂ ಚಲಿಸುತ್ತಿರುವಾಗಲೇ, ಸಹಿ ಹಾಕಿ, ದಾಖಲೆ ಲಗತ್ತಿಸಿ ಕಳಿಸಬೇಕು.

ಮಾಹಿತಿ ಹಕ್ಕಿನಲ್ಲಿ ಏನು ಸಿಗುತ್ತದೆ ಎಂಬುದಕ್ಕೂ ಗಡಿ ಇದೆ. ಮುಖ್ಯ ನ್ಯಾಯಮೂರ್ತಿಯ ಕಚೇರಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂದು 2019ರ ನವೆಂಬರ್ 13ರ ತೀರ್ಪು ಹೇಳಿತು. ಕೊಲಿಜಿಯಂನ ಅಂತಿಮ ನಿರ್ಣಯ ಮಾತ್ರ ಬಹಿರಂಗ, ಒಳಗಿನ ಚರ್ಚೆ ಅಲ್ಲ ಎಂದು 2022ರ ಡಿಸೆಂಬರಿನಲ್ಲಿ ಸ್ಪಷ್ಟವಾಯಿತು. ಹಾಗಾಗಿ ‘ಯಾಕೆ ಬಿಟ್ಟಿರಿ’ ಎಂದು ಕೇಳಿದರೆ ಅರ್ಜಿ ವಾಪಸು ಬರುತ್ತದೆ. ‘ಈ ದಿನಾಂಕದ ಶಿಫಾರಸು ನ್ಯಾಯ ಇಲಾಖೆಗೆ ಯಾವ ದಿನ ತಲುಪಿತು, ಇಂದು ಯಾವ ಹಂತದಲ್ಲಿದೆ’ ಎಂದು ದಿನಾಂಕಗಳನ್ನು ಕೇಳಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಗೆ ಕಾಯ್ದೆಯ 6ನೇ ಕಲಮು ಅವಕಾಶ ಕೊಟ್ಟಿದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ದೆಹಲಿಗೆ ಸ್ಪೀಡ್ ಪೋಸ್ಟಿನಲ್ಲಿ ನೇರ ಕಳಿಸಬಹುದು; ಕೇಂದ್ರದ ಸಹಾಯಕ ಮಾಹಿತಿ ಅಧಿಕಾರಿ ಇರುವ ಅಂಚೆ ಕಚೇರಿಯಲ್ಲೂ ಕೊಡಬಹುದು, ಆಗ 30 ದಿನದ ಗಡುವಿಗೆ 5 ದಿನ ಸೇರುತ್ತದೆ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು. ಪೋಸ್ಟಲ್ ಆರ್ಡರಿನ ಸಂಖ್ಯೆಯನ್ನು ಅರ್ಜಿಯ ಮೇಲೇ ಬರೆದು, ಅರ್ಧಚೀಟಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಶುಲ್ಕ ಬಂದಿಲ್ಲ ಎಂದು ಅರ್ಜಿ ತಿರುಗಿ ಬಂದರೆ ತೋರಿಸಲು ಅದೊಂದೇ ಆಧಾರ.